ಬೀಗರು ನೋಡಲು ಬಂದ ತೋಟ

ಫೋನಿನಲ್ಲಿ ಮಾತನಾಡುವಾಗ ನನಗೆ ಎಲ್ಲಿಲ್ಲದ ಧೈರ್ಯ ಬಂದುಬಿಡುತ್ತದೆ. ಎದುರಿಗೆ ಮನುಷ್ಯರಿದ್ದರೆ ನಾನು ಸಾಧು. ನಮ್ಮ ಕಾಲುವೆ ಕಚೇರಿಯಲ್ಲಿ ಸಾಹೇಬರು ಎದುರು ಬಂದು ನಿಂತರೆ ನನ್ನ ಹೆಸರು ನನಗೇ ತಕ್ಷಣ ನೆನಪಾಗುವುದಿಲ್ಲ. ಆದರೆ ಫೋನು ಕಿವಿಗೆ ಬಂತೆಂದರೆ, ಆ ಕಡೆಯವರಿಗೆ ನನ್ನ ಬನಿಯನ್ನಿನ ತೂತು ಕಾಣುವುದಿಲ್ಲವಲ್ಲ ಎಂಬ ಒಂದೇ ಭರವಸೆಯ ಮೇಲೆ ಇಲ್ಲದ ಆಸ್ತಿಯೆಲ್ಲ ಬಾಯಿಗೆ ಬರುತ್ತದೆ. ಈ ಬೇಸಿಗೆಯಲ್ಲಿ ನಾನು ಗುದ್ದಲಿ ಹಿಡಿದದ್ದು, ನನ್ನ ಹೆಂಡತಿಯ ಸೀರೆಗಳು ಬಣ್ಣ ಕಳೆದುಕೊಂಡದ್ದು, ನಮ್ಮ ಹಾಲಿನಲ್ಲಿ ಕುಳಿತ ಎರಡು ಮನೆತನದವರು ಒಟ್ಟಿಗೆ ಕಣ್ಣೀರು ಹಾಕಿದ್ದು, ಎಲ್ಲವೂ ಅಂಥ ಒಂದು ಫೋನಿನಿಂದ.

ನಾವಿರುವುದು ಹೊಸಪೇಟೆ ಪಕ್ಕದ ಟಿ.ಬಿ. ಡ್ಯಾಂ ನೌಕರರ ಕ್ವಾರ್ಟರ್ಸಿನಲ್ಲಿ. ಮಗಳು ಪೂರ್ಣಿಮಾ ಯಶವಂತನಗರದ ಗಣಿ ಕಂಪನಿಯೊಂದರ ಲ್ಯಾಬಿನಲ್ಲಿ ಅದಿರು ಪರೀಕ್ಷೆ ಮಾಡುತ್ತಾಳೆ. ಬೆಳಿಗ್ಗೆ ಕಂಪನಿ ಬಸ್ಸಿನಲ್ಲಿ ಹೋಗಿ ಸಂಜೆ ದುಪಟ್ಟಾದಲ್ಲಿ ಒಂದಿಷ್ಟು ಕೆಂಪು ಧೂಳು ಕಟ್ಟಿಕೊಂಡು ಬರುತ್ತಾಳೆ. ಅದೇ ಬಸ್ಸಿನಲ್ಲಿ ಮಂಜುನಾಥ ಎಂಬ ಹುಡುಗ ಬರುತ್ತಾನೆಂದೂ, ಲಾರಿ ತೂಗುವ ವಿಭಾಗದಲ್ಲಿದ್ದಾನೆಂದೂ, ಕಂಪ್ಲಿಯವನೆಂದೂ ಒಂದು ದಿನ ಚಹಾ ಸೋಸುತ್ತ ಹೇಳಿದಳು. ಲಾರಿ ತೂಗುವವನ ಸುದ್ದಿ ನಮ್ಮ ಮನೆಯ ಚಹಾದ ಹೊತ್ತಿಗೆ ಯಾಕೆ ಬಂತೆಂದು ನನಗೆ ಹೊಳೆಯಲಿಲ್ಲ. ಹೆಂಡತಿ ಶಾರದಾಗೆ ಹೊಳೆಯಿತು. ಅವಳು ಚಹಾ ಕುಡಿದು ಮುಗಿಸುವಷ್ಟರಲ್ಲಿ ಹುಡುಗನ ಮನೆತನ, ಮಠ, ಅಡುಗೆಗೆ ಬಳಸುವ ಎಣ್ಣೆ ಎಲ್ಲವನ್ನೂ ತಿಳಿದುಕೊಂಡಿದ್ದಳು. ಮಕ್ಕಳಿಬ್ಬರೂ ಒಪ್ಪಿಕೊಂಡಾಗಿತ್ತು. ಹಿರಿಯರು ಒಪ್ಪುವುದಷ್ಟೇ ಬಾಕಿ.

ಹುಡುಗನ ತಾಯಿ ಗೌರಮ್ಮನವರು ಫೋನು ಮಾಡಿದರು. ಭತ್ತದ ಗದ್ದೆಯ ಕಡೆಯವರ ತುಂಬು ಗಂಟಲು.

"ನಮ್ಮದು ಮಣ್ಣಿನ ಮನಿತನ ನೋಡ್ರಿ. ಗದ್ದಿ, ಬಾಳಿ ತ್ವಾಟ ಅಂತ ಇರೋರು. ಕ್ವಾಟ್ರಸ್ಸಿನಾಗ ಫ್ಯಾನಿನ ಕೆಳಗ ಬೆಳೆದ ಹುಡುಗಿಗೆ ನಮ್ಮ ಮನಿ ಒಗ್ತೈತೇನ್ರಿ?"

"ಹೌದ್ರಿ, ನಾಕು ದಿನ ಹೊಂದಿಕೊಳ್ತಾಳ" ಎಂದಿದ್ದರೆ ಮುಗಿಯುತ್ತಿತ್ತು. ನನ್ನ ಬಾಯಿ ಹೇಳಿದ್ದೇ ಬೇರೆ.

"ಅಯ್ಯ, ನಾವೂ ಮಣ್ಣಿನವ್ರ ಅದೀವ್ರಿ. ನಮ್ಮ ಕಾಂಪೌಂಡಿನಾಗ ಬದನಿ, ಟೊಮ್ಯಾಟಿ, ಹೀರಿಕಾಯಿ ಎಲ್ಲಾ ಬೆಳಿತೀವಿ. ಕಾಯಿಪಲ್ಲೆಕ್ಕ ಪ್ಯಾಟಿಗೆ ಹೋಗಿ ಎಷ್ಟು ಕಾಲ ಆತೋ. ಗಿಡಕ್ಕ ನೀರು ಹಾಕದ ನಮ್ಮ ಪೂರ್ಣಿಮಾ ಚಾ ಕುಡ್ಯಂಗಿಲ್ಲ."

"ಹಂಗಾರ ಭಾಳ ಚಲೋ ಆತ್ರಿ. ತಿಂಗಳ ಕಡಿಗೆ ಐತಾರ ಬರತೀವಿ. ತ್ವಾಟಾನೂ ನೋಡಿದಂಗ ಆಗ್ತೈತಿ" ಎಂದರು.

ಫೋನು ಇಟ್ಟು ತಿರುಗಿದರೆ ಶಾರದಾ ನಿಂತಿದ್ದಳು. ಅವಳ ಕೈಯಲ್ಲಿ ಆಗತಾನೇ ಪೇಟೆಯಿಂದ ತಂದ ಕಾಯಿಪಲ್ಯದ ಚೀಲವಿತ್ತು.

ಹಾಲಿನ ಕಿಟಕಿಯ ಪಕ್ಕ ನಮಗೊಂದಿಷ್ಟು ಜಾಗ ಇರುವುದು ನಿಜ. ಅಲ್ಲಿ ಬೆಳೆಯುತ್ತಿದ್ದದ್ದು ಪಾರ್ಥೇನಿಯಂ, ಮುಳ್ಳು ಮತ್ತು ಜೇಕು. ಜೇಕಿನ ಬಗ್ಗೆ ಎರಡು ಮಾತು ಹೇಳಲೇಬೇಕು. ನೋಡುವುದಕ್ಕೆ ಬಡಪಾಯಿ ಹುಲ್ಲು. ಕಿತ್ತರೆ ಸುಲಭವಾಗಿ ಕೈಗೆ ಬರುತ್ತದೆ, ನಮಗೆ ಗೆದ್ದೆವೆನ್ನಿಸುತ್ತದೆ. ಆದರೆ ಅದರ ಗಡ್ಡೆ ನೆಲದೊಳಗೆ ಕುಳಿತು ನಗುತ್ತಿರುತ್ತದೆ. ಮಾರನೆಯ ಬೆಳಿಗ್ಗೆ ನೋಡಿದರೆ ಅದೇ ಜಾಗದಲ್ಲಿ ಸೂಜಿಯಂತೆ ಮೇಲೆದ್ದು, "ಸ್ನಾನ ಆಯ್ತೇ?" ಎಂದು ಕೇಳುವಷ್ಟು ಆತ್ಮೀಯವಾಗಿ ನಿಂತಿರುತ್ತದೆ. ಮೇ ತಿಂಗಳ ನಮ್ಮೂರಿನ ನೆಲವೋ, ಗುದ್ದಲಿ ಹಾಕಿದರೆ ಟಣ್ ಎಂದು ವಾಪಸು ಕಳಿಸುವಂಥದ್ದು. ಬೆಳಗಿನ ತಂಪಿನಲ್ಲಿ ಅಗೆಯೋಣವೆಂದು ಏಳುತ್ತಿದ್ದೆ. ಆ ತಂಪು ನಾನು ಗುದ್ದಲಿ ಹುಡುಕುವಷ್ಟರಲ್ಲಿ ಮುಗಿದುಹೋಗಿರುತ್ತಿತ್ತು.

ಬೀಜ ಹಾಕಿ ಬೆಳೆಸುವಷ್ಟು ಕಾಲ ಇರಲಿಲ್ಲವಾದ್ದರಿಂದ ಹೊಸಪೇಟೆಯ ನರ್ಸರಿಗೆ ಹೋಗಿ, ಆಗಲೇ ಕಾಯಿ ಬಿಟ್ಟ ಬದನೆ ಗಿಡಗಳನ್ನು ಆಟೋದಲ್ಲಿ ತಂದೆ. ಕಪ್ಪು ಪ್ಲಾಸ್ಟಿಕ್ ಕವರಿನಲ್ಲಿದ್ದ ಗಿಡಗಳು. ಮೊದಲ ಎರಡನ್ನು ಕವರು ಹರಿದು ನೆಟ್ಟೆ. ಬೇರಿನ ಮಣ್ಣೆಲ್ಲ ಉದುರಿ, ಮಧ್ಯಾಹ್ನದ ಹೊತ್ತಿಗೆ ಎರಡೂ ಮೂರ್ಛೆ ಹೋದವು. ಉಳಿದವುಗಳ ಪ್ರಾಣ ಕಾಪಾಡುವುದಕ್ಕೆಂದು ಅವನ್ನು ಕವರಿನ ಸಮೇತ ಗುಂಡಿಯಲ್ಲಿಟ್ಟು ಮೇಲೆ ಮಣ್ಣು ಮುಚ್ಚಿದೆ. ನೋಡುವವರಿಗೆ ಹುಟ್ಟಿದಾಗಿನಿಂದ ಅಲ್ಲೇ ಇದ್ದಂತೆ ಕಾಣುತ್ತಿದ್ದವು. ಬಿಸಿಲಿಗೆ ಎಲೆ ಸುಡದಿರಲೆಂದು ಶಾರದಾಳ ಹಳೆಯ ಸೀರೆಗಳನ್ನು ಬಿದಿರಿಗೆ ಕಟ್ಟಿದೆ. ಹಳೆಯವೆಂದು ನಾನು ತಿಳಿದಿದ್ದ ಒಂದು ನೇರಳೆ ಸೀರೆ ಹಳೆಯದಾಗಿರಲಿಲ್ಲ ಎಂಬುದು ಅದು ತಿಳಿನೀಲಿಯಾದ ಮೇಲೆ ಗೊತ್ತಾಯಿತು. ದಾರಿಯಲ್ಲಿ ಹೋಗುವವರು ಆ ಬಣ್ಣದ ಚಪ್ಪರ ನೋಡಿ, "ಹಂದರ ಹಾಕಿಬಿಟ್ಟೀರಿ, ಮದುವಿ ಯಾವಾಗ್ರಿ?" ಎಂದು ಕೇಳಿ ಹೋಗುತ್ತಿದ್ದರು.

"ಅಪ್ಪಾ, ಇದೆಲ್ಲಾ ಯಾಕ? ಖರೇ ಹೇಳಿಬಿಡು. ಅವ್ರೇನು ಹುಲಿ ಅಲ್ಲ" ಎಂದಳು ಪೂರ್ಣಿಮಾ.

"ನೀ ಸುಮ್ಕಿರು. ಇದು ಮರ್ಯಾದಿ ಪ್ರಶ್ನಿ" ಎಂದೆ. ಆದರೆ ಅವಳು ಬಸ್ಸಿಗೆ ಹೋಗುವ ಮೊದಲು ದಿನಾ ಒಂದು ಬಕೆಟ್ ನೀರು ಹಾಕುತ್ತಿದ್ದಳು. ಅವಳ ಆತಂಕ ಆ ನೀರು ಹಾಕುವ ರೀತಿಯಲ್ಲಿ ಕಾಣುತ್ತಿತ್ತು. ಆಗ ಮಾತ್ರ ನಾನು ಗುದ್ದಲಿ ಕೆಳಗಿಟ್ಟು ಯೋಚಿಸುತ್ತಿದ್ದೆ. ನನ್ನ ಒಂದು ಬಡಾಯಿಯಿಂದ ಈ ಮದುವೆ ತಪ್ಪಿಹೋದರೆ?

ಬೀಗರು ಬರುವ ಭಾನುವಾರ ಬೆಳಿಗ್ಗೆ ನೋಡುತ್ತೇನೆ, ಬದನೆ ಎಲೆಗಳ ಕೆಳಗೆಲ್ಲ ಬೂದಿ ಎರಚಿದಂತೆ ಬೆಳ್ಳಗೆ. ಹಿಟ್ಟು ತಿಗಣೆ, ಎಲೆಯ ರಸ ಹೀರುವ ಹುಳು. ನಮ್ಮ ಕಚೇರಿಯ ಖಾದರ್ ಹಿಂದೊಮ್ಮೆ ಹೇಳಿದ್ದ: "ಒಣ ಮೆಣಸಿನಕಾಯಿ, ಬಳ್ಳೊಳ್ಳಿ ಕುದಿಸಿ ಹೊಡಿರಿ ಸಾರ್, ಮಸ್ತ್ ಕೆಲಸ ಮಾಡ್ತೈತಿ." ಎಷ್ಟು ಎಂದು ಅವನೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಬ್ಯಾಡಗಿ ಮೆಣಸಿನಕಾಯಿ ಬರೀ ಬಣ್ಣವೆಂದು ಬಿಟ್ಟು, ಗುಂಟೂರು ಮೆಣಸಿನಕಾಯಿಯನ್ನು ಬೆಳ್ಳುಳ್ಳಿಯ ಜೊತೆ ಧಾರಾಳವಾಗಿ ಹಾಕಿ ಕುದಿಸಿದೆ. ಶಾರದಾ ಅಡುಗೆಮನೆ ಬಿಟ್ಟು ಹೊರಗೆ ಬಂದು ಕೆಮ್ಮುತ್ತ, "ಅವ್ರು ಹೋದ ಮ್ಯಾಲ ಹೊಡಿರಿ, ಈಗ ಬ್ಯಾಡ" ಎಂದಳು. ಸಂಜೆ ಬರುವವರು, ಅಷ್ಟರಲ್ಲಿ ಒಣಗಿರುತ್ತದೆ ಎಂದು ನಾನು. ಊಟ ಮುಗಿಸಿ, ಲುಂಗಿ ಎತ್ತಿ ಕಟ್ಟಿ, ಕಣ್ಣು ಬಿಟ್ಟು ಉಳಿದ ಮುಖಕ್ಕೆಲ್ಲ ಟವೆಲ್ ಸುತ್ತಿಕೊಂಡು, ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಲ್ಲಿ ಆ ಕಷಾಯ ತುಂಬಿ ಎಲೆ ಎಲೆಗೂ ಹೊಡೆಯತೊಡಗಿದೆ.

ಗೇಟಿನ ಹತ್ತಿರ ಕಾರು ನಿಂತಿತು. ಇಳಿದವರು ಮಂಜುನಾಥ, ಅವನ ಹಿಂದೆ ರೇಷ್ಮೆ ಸೀರೆಯ ತಾಯಿ, ಅವರ ಹಿಂದೆ ಮಾತಿಲ್ಲದ ಒಬ್ಬ ಹಿರಿಯರು. ಮೋಡ ಕಟ್ಟುತ್ತಿದೆಯೆಂದು ಬೇಗ ಹೊರಟುಬಿಟ್ಟಿದ್ದರಂತೆ. ಗೌರಮ್ಮನವರು ಬೇಲಿಯ ಆಚೆಯಿಂದ ನನ್ನನ್ನು ನೋಡಿದರು.

"ಏನಪ್ಪಾ, ಯಜಮಾನ್ರು ಮನ್ಯಾಗ ಅದಾರೇನು?"

ಮಗಳ ಭಾವೀ ಅತ್ತೆಯ ಮುಂದೆ ತೂತು ಬನಿಯನ್ನಿನಲ್ಲಿ, "ನಾನೇ ರೀ" ಎನ್ನುವ ಬಾಯಿ ನನಗಿರಲಿಲ್ಲ. "ಅದಾರ್ರಿ. ಒಳಗ ಪೂಜಿ ಮಾಡಾಕತ್ತಾರ" ಎಂದುಬಿಟ್ಟೆ. ಟವೆಲ್ ಸುತ್ತಿದ್ದರೂ ಬಡಾಯಿ ಹೊರಗೆ ಬಂದೇ ಬರುತ್ತದೆ. ಮಂಜುನಾಥ ನನ್ನನ್ನು ಬರೀ ಫೋಟೊದಲ್ಲಿ ನೋಡಿದ್ದರಿಂದ ಬಚಾವಾದೆ. ಅವರು ಮುಂಬಾಗಿಲಿಗೆ ಹೋಗುವಷ್ಟರಲ್ಲಿ ನಾನು ಹಿಂಬಾಗಿಲಿನಿಂದ ನುಗ್ಗಿ, ಶರಟು ಹಾಕಿ, ಪೂಜೆ ಎಂದು ಹೇಳಿಬಿಟ್ಟಿದ್ದೇನಲ್ಲ ಎಂದು ಹಣೆಗೆ ಮೂರು ಬೆರಳು ವಿಭೂತಿಯನ್ನೂ ಎಳೆದುಕೊಂಡು ಹಾಲಿಗೆ ಬಂದು ಕೈಮುಗಿದೆ.

"ಬರ್ರಿ, ಬರ್ರಿ. ಕುಂದ್ರಿ."

ಎಲ್ಲರೂ ಕುಳಿತರು. ಅಷ್ಟರಲ್ಲಿ ಮಳೆ ಮುಂದಿನ ಗಾಳಿ ಎದ್ದಿತು. ಸೀರೆಗಳ ಚಪ್ಪರ ಪಟಪಟ ಬಡಿದುಕೊಂಡಿತು. ಗಾಳಿ ತೋಟವನ್ನು ಹಾದು, ನಾನು ಎಲೆ ಎಲೆಗೂ ಹೊಡೆದಿದ್ದ ಗುಂಟೂರನ್ನು ಎತ್ತಿಕೊಂಡು, ತೆರೆದ ಕಿಟಕಿಯಿಂದ ನೇರವಾಗಿ ಒಳಗೆ ಬಂತು. ಮೊದಲು ಹಿರಿಯರು ಸೀನಿದರು. ಆಮೇಲೆ ಮಂಜುನಾಥ. ಗೌರಮ್ಮನವರು ಸೆರಗು ಮೂಗಿಗೆ ಹಿಡಿದು, "ಒಳಗ ಒಗ್ಗರಣಿ ಸೀದಂಗ ಐತಲ್ರಿ" ಎಂದು ಹೇಳುವುದರೊಳಗೆ ಅವರಿಗೂ ಕೆಮ್ಮು ಹತ್ತಿತು. ಶಾರದಾ ನನ್ನನ್ನು ಒಂದು ಸಲ ನೋಡಿ ಕಿಟಕಿ ಮುಚ್ಚಲು ಓಡಿದಳು. ಅದೇ ಹೊತ್ತಿಗೆ ಪೂರ್ಣಿಮಾ ಚಹಾದ ತಟ್ಟೆ ಹಿಡಿದು ಬಂದಳು. ಎರಡೂ ಕೈಯಲ್ಲಿ ತಟ್ಟೆ, ಒರೆಸಿಕೊಳ್ಳುವ ಹಾಗಿಲ್ಲ. ಕೆನ್ನೆಯ ಮೇಲೆ ನೀರು ಧಾರೆಯಾಗಿ ಇಳಿಯುತ್ತಿತ್ತು.

"ಯಾಕವಾ, ಈಗ ಅಳಾಕತ್ತೀ?" ಎಂದರು ಗೌರಮ್ಮನವರು, ತಾವೂ ಕಣ್ಣೊರೆಸಿಕೊಳ್ಳುತ್ತ. "ಇನ್ನಾ ಮಾತುಕತಿನ ಆಗಿಲ್ಲ."

ಹೊರಗೆ ಹೋದರೆ ಸರಿಯಾದೀತೆಂದು ಎಲ್ಲರೂ ಎದ್ದೆವು. ಹಾಗೆ ಆ ತೋಟದರ್ಶನ ನಾನು ಯೋಜಿಸಿದ ಭಾಷಣಗಳಿಲ್ಲದೆ ಆರಂಭವಾಯಿತು. ಗೌರಮ್ಮನವರು ಚೆಂದದ ಒಂದು ಬದನೆ ಗಿಡದ ಮುಂದೆ ನಿಂತು, ಕಾಯಿ ಎಷ್ಟು ಬಲಿತಿದೆ ನೋಡೋಣವೆಂದು ಹಗುರಾಗಿ ಎಳೆದರು. ಕಾಯಿ ಬರಲಿಲ್ಲ. ಗಿಡ ಬಂತು. ಗಿಡದ ಜೊತೆ ಕಪ್ಪು ಕವರೂ ಬಂತು, ನರ್ಸರಿಯವರು ಅಂಟಿಸಿದ್ದ ಚೀಟಿಯೂ ಬಂತು.

"ಕವರಿನ ಸಮೇತ ಹೂಳ್ಯಾನಲ್ರಿ ನಿಮ್ಮ ತ್ವಾಟದಾವ. ಈಗ ಇಲ್ಲೇ ಇದ್ದನಲ್ಲ, ಎಲ್ಲಿ ಹ್ವಾದ? ಕರೀರಿ ಅವನ್ನ" ಎಂದರು ಗೌರಮ್ಮನವರು.

ನಾನು ವಿಭೂತಿ ಮುಟ್ಟಿ ನೋಡಿಕೊಂಡೆ. ಪೂರ್ಣಿಮಾ ಮುಂದೆ ಬಂದಳು. "ಅವ್ರು ನಮ್ಮಪ್ಪಾನ ರೀ."

"ಮತ್ತ ಪೂಜಿ ಮಾಡಾಕತ್ತಿದ್ದವ್ರು?"

"ಅವ್ರೂ ನಮ್ಮಪ್ಪಾನ."

ಇನ್ನು ಉಳಿದದ್ದೇನು? "ತಪ್ಪಾತ್ರಿ" ಎಂದೆ. "ನಮ್ಮ ಮನ್ಯಾಗ ಒಂದು ಮೆಣಸಿನ ಗಿಡಾನೂ ಇದ್ದಿಲ್ಲ. ಮಣ್ಣಿನವ್ರು ಅಂದ್ರಲ್ಲ, ನಿಮಗಿಂತ ಕಡಿಮಿ ಆಗಬಾರ್ದು ಅಂತ ಬಾಯಿಗೆ ಬಂದದ್ದು ಹೇಳಿದೆ. ಹುಡುಗೀದು ಇದರಾಗ ಏನೂ ಇಲ್ಲ. ಆಕಿ ಮೊದಲಿಂದ ಬ್ಯಾಡ ಅಂತಾನ ಇದ್ಲು."

ಗೌರಮ್ಮನವರು ಕೈಯಲ್ಲಿದ್ದ ಗಿಡವನ್ನು ನೋಡುತ್ತ ನಿಂತರು. ಪೂರ್ಣಿಮಾ ಮಂಜುನಾಥನ ಕಡೆ ನೋಡಲಿಲ್ಲ, ಅವನು ಅವಳ ಕಡೆಯೇ ನೋಡುತ್ತಿದ್ದ. ಆಗ ಅಲ್ಲಿಯವರೆಗೂ ಸೀನುವುದನ್ನು ಬಿಟ್ಟು ಬೇರೆ ಸದ್ದು ಮಾಡದಿದ್ದ ಹಿರಿಯರು, ಮಂಜುನಾಥನ ತಂದೆ ವೀರಣ್ಣನವರು, ಸಣ್ಣಗೆ ನಗತೊಡಗಿದರು.

"ಹೇಳಿಬಿಡ್ಲೇನ?" ಎಂದು ಹೆಂಡತಿಯನ್ನು ಕೇಳಿದರು. ಅವರು ಬೇಡವೆಂದು ಕಣ್ಣು ಮಾಡುವುದರೊಳಗೆ ಹೇಳಿಯೂಬಿಟ್ಟರು. "ಇಕಿ ಗದ್ದಿಗೆ ಇಳಿದು ಭಾಳ ವರ್ಷ ಆತ್ರಿ. ಗದ್ದಿ ಎಲ್ಲಾ ಬ್ಯಾರೇವ್ರಿಗೆ ಮಾಡಾಕ ಲಾವಣಿಗೆ ಕೊಟ್ಟೀವಿ. ನಾವಿರೋದು ಕಂಪ್ಲಿ ಪ್ಯಾಟ್ಯಾಗ, ಅಂಗಡಿ ಮ್ಯಾಲಿನ ಮನ್ಯಾಗ. ನಮ್ಮ ಮನ್ಯಾಗ ಮಣ್ಣು ಅಂದ್ರ ಒಂದು ಹೂವಿನ ಕುಂಡ ಐತಿ. ಅದರಾಗಿಂದ ಗಿಡಾನೂ ಒಣಗೈತಿ."

ಗೌರಮ್ಮನವರ ಮುಖ ಕೆಂಪಾಯಿತು. ಅದರಲ್ಲಿ ಮೆಣಸಿನಕಾಯಿಯ ಪಾಲೆಷ್ಟು, ನಾಚಿಕೆಯ ಪಾಲೆಷ್ಟು ತಿಳಿಯಲಿಲ್ಲ. "ಏನು ಮಾಡ್ಲ್ರಿ ಮತ್ತ" ಎಂದರು, ಫೋನಿನಲ್ಲಿದ್ದ ಗಂಟಲಿನ ಅರ್ಧದಷ್ಟು ದನಿಯಲ್ಲಿ. "ಹುಡುಗಿ ಲ್ಯಾಬಿನಾಗ ಅದಾಳ, ದೊಡ್ಡ ದೊಡ್ಡ ಸಾಹೇಬ್ರ ಕೂಡ ಇಂಗ್ಲಿಷ್ ಮಾತಾಡ್ತಾಳ ಅಂತ ಇವ ಬಂದು ಬಂದು ಹೇಳಿದ. ನಮ್ಮನ್ನ ಸಸಾರ ಮಾಡ್ತಾಳೇನೋ ಅಂತ ಅಂಜಿಕಿ ಬಂತು. ಅದಕ್ಕ ಮಣ್ಣು, ಗದ್ದಿ ಅಂತ ಸ್ವಲ್ಪ ಜೋರ್ ಮಾಡಿದೆ."

ಮೊದಲು ನಕ್ಕವಳು ಶಾರದಾ. ಆಮೇಲೆ ಯಾರು ಯಾರೆಂದು ಹೇಳಲಾರೆ, ಎಲ್ಲರ ಕಣ್ಣಲ್ಲೂ ಮೊದಲೇ ನೀರಿತ್ತು. ನಗುತ್ತಿರುವಾಗಲೇ ದಪ್ಪ ದಪ್ಪ ಹನಿ ಬಿತ್ತು. ಬೇಸಿಗೆಯ ಮೊದಲ ಅಡ್ಡಮಳೆ. ಒಳಗೆ ಹೋಗಿ ಎಂದರೆ ಯಾರೂ ಹೋಗಲಿಲ್ಲ. ಗಾಳಿಗೆ ಬಿದಿರು ಬಿದ್ದು ಸೀರೆಗಳು ಹಾರತೊಡಗಿದವು. ಗೌರಮ್ಮನವರು ರೇಷ್ಮೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಒಂದರ ತುದಿ ಹಿಡಿದರು. ಇನ್ನೊಂದು ತುದಿ ಹಿಡಿಯಲು ಮಂಜುನಾಥ ಮತ್ತು ಪೂರ್ಣಿಮಾ ಇಬ್ಬರೂ ಓಡಿ, ಇಬ್ಬರೂ ಕೆಸರಿನಲ್ಲಿ ಜಾರಿದರು. ವೀರಣ್ಣನವರು ವರಾಂಡದಲ್ಲಿ ನಿಂತು, "ಇವ್ರು ಮಣ್ಣಿನವ್ರಾದ್ರು ಬಿಡ್ರಿ" ಎಂದರು.

ಮಳೆ ನಿಲ್ಲುವ ಲಕ್ಷಣ ಕಾಣದೆ ಬೀಗರು ಊಟಕ್ಕೇ ಉಳಿದರು. ಕೆಸರಿನಲ್ಲಿ ಬಿದ್ದ ಬದನೆಕಾಯಿಗಳನ್ನು ಆರಿಸಿ, ಮತ್ತೆ ಮತ್ತೆ ತೊಳೆದು, ಶಾರದಾ ಎಣ್ಣೆಗಾಯಿ ಮಾಡಿದಳು. ಗೌರಮ್ಮನವರು ಎರಡನೇ ಸಲ ಬಡಿಸಿಕೊಂಡು, "ಎಲ್ಲಾ ಚಲೋ ಐತ್ರಿ, ಖಾರ ಒಂದೀಟು ಕಡಿಮಿ ಆತು" ಎಂದರು. ಮದುವೆ ಶ್ರಾವಣದಲ್ಲಿ ಎಂದು ಮಾತಾಯಿತು.

ಆ ಮಳೆಗೆ ನನ್ನ ಬದನೆಗಿಡಗಳೆಲ್ಲ ನೆಲ ಕಚ್ಚಿದವು. ಜೇಕು ಮಾತ್ರ ಇಷ್ಟು ದಿನ ಇದಕ್ಕೇ ಕಾದಿದ್ದಂತೆ ಎದ್ದು ಬಂತು. ನಾಲ್ಕಾರು ದಿನದಲ್ಲಿ ಕಿಟಕಿಯಿಂದ ಬೇಲಿಯವರೆಗೆ ಹಸಿರು ಜಮಖಾನೆ. ಒಂದು ಬೆಳಿಗ್ಗೆ ಬಸ್ಸಿಗೆ ಹೊರಟ ಪೂರ್ಣಿಮಾ ಅದರ ಫೋಟೊ ತೆಗೆದು, "ಅಪ್ಪನ ಹೊಸಾ ಬೆಳಿ" ಎಂದು ಬರೆದು ಗೌರಮ್ಮನವರಿಗೆ ಕಳಿಸಿದಳು. ಅವಳು ಗೇಟು ದಾಟುವುದರೊಳಗೆ ಉತ್ತರವೂ ಬಂತು. ಕಂಪ್ಲಿಯ ಅವರ ಅಂಗಡಿಯ ಹಿಂದಿನ ಖಾಲಿ ಜಾಗದ ಫೋಟೊ, ಕೆಳಗೆ ಒಂದು ಸಾಲು: "ನಮ್ಮ ಕಡೀನೂ ಇದ ಬೆಳಿ ಬೀಗರ. ನಮ್ಮದು ನಿಮ್ಮದಕ್ಕಿಂತ ಎತ್ತರ ಐತಿ."

ಪೂರ್ಣಿಮಾ ಅದನ್ನು ನನ್ನ ಫೋನಿಗೂ ಕಳಿಸಿ, ನಗುತ್ತ ಬಸ್ಸು ಹತ್ತಿದಳು. ನಾನೂ ನಕ್ಕೆ. ಆದರೂ ಆ ಫೋಟೊವನ್ನು ದೊಡ್ಡದು ಮಾಡಿ ಎರಡು ಸಲ ನೋಡಿದೆ. ಎತ್ತರ ಇದ್ದದ್ದು ನಿಜ. ಶಾರದಾ ಒಳಗೆ ರೊಟ್ಟಿ ಬಡಿಯುತ್ತಿದ್ದಳು, ಈ ಕಡೆ ಯಾರ ಕಣ್ಣೂ ಇರಲಿಲ್ಲ. ಮೆಲ್ಲಗೆ ನಳಕ್ಕೆ ಪೈಪು ಸಿಕ್ಕಿಸಿ, ಜೇಕಿಗೆ ನೀರು ಬಿಟ್ಟೆ.