ಮಾವನ ತಾಯಿಯಂತ್ರ

“ಮುಟ್ಟಬೇಡ ತ್ರಿವೇಣಿ! ಒಳಗೆ ತಾಯ್ತನ ತಯಾರಾಗ್ತಿದೆ!”

ಮಾವ ಹೀಗೆ ಕೂಗಿದಾಗ ನಾನು ಎತ್ತಿಕೊಳ್ಳಲು ಹೋಗಿದ್ದು ನನ್ನದೇ ಮಿಕ್ಸಿ ಜಾರನ್ನು. ಈಗ ಅದಕ್ಕೆ ಒಂದಿಷ್ಟು ಕೊಳವೆಗಳು, ಹಳೇ ಫ್ಯಾನಿನ ಮೋಟಾರು, ಹುಟ್ಟಲಿರುವ ಮಗುವಿಗೆಂದು ತಂದಿಟ್ಟಿದ್ದ ಹಾಲಿನ ಬಾಟಲಿಯ ನಿಪ್ಪಲ್ಲು ಎಲ್ಲ ಸೇರಿಕೊಂಡಿದ್ದವು. ಯಂತ್ರ ಗೊರಗೊರ ಅನ್ನುತ್ತಿತ್ತು. ಮಾವನ ಮುಖ ಮೊದಲ ರ‍್ಯಾಂಕ್ ಬಂದವರ ಹಾಗೆ ಹೊಳೆಯುತ್ತಿತ್ತು.

ನನ್ನ ಮಾವ ಚೆನ್ನವೀರಯ್ಯ ತುಮಕೂರಿನಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಅಂಗಡಿ ಇಟ್ಟಿದ್ದವರು. ಅಂಗಡಿ ಮುಚ್ಚಿದ ಮೇಲೆ ಮನೆಯಲ್ಲಿ ಕೆಡದೇ ಇರುವ ಸಾಮಾನುಗಳನ್ನೂ ರಿಪೇರಿ ಮಾಡತೊಡಗಿದರು. ಅತ್ತೆ ತೀರಿಕೊಂಡು ವರ್ಷಗಳಾಗಿದ್ದರಿಂದ ಅವರನ್ನು ತಡೆಯುವವರು ಯಾರೂ ಇರಲಿಲ್ಲ. ನಾನು ಗರ್ಭಿಣಿ ಅಂತ ತಿಳಿದ ಮೇಲಂತೂ ಇಕ್ಕಳ ಹುಳು ಸಾಕಲು ಶುರುಮಾಡಿದರು!

ಬಾಲದ ತುದಿಯಲ್ಲಿ ಪುಟ್ಟ ಇಕ್ಕಳ ಇರುವ ಕಂದು ಹುಳು, ಹೂಕುಂಡ ಎತ್ತಿದರೆ ಅಡಿಯಲ್ಲಿ ಓಡುತ್ತದಲ್ಲ, ಅದೇ. ಒಂದು ದಿನ ಕನಕಾಂಬರದ ಕುಂಡದ ಕೆಳಗೆ ಒಂದು ಹುಳು ತನ್ನ ಮೊಟ್ಟೆಗಳನ್ನು ಬೂಸ್ಟು ಹಿಡಿಯದ ಹಾಗೆ ನೆಕ್ಕಿ ನೆಕ್ಕಿ ಒರೆಸುತ್ತಿದ್ದುದನ್ನು ಮಾವ ಕಂಡರು. ಅಷ್ಟೇ! ಪ್ಲಾಸ್ಟಿಕ್ ಡಬ್ಬ ಬಂತು, ಹಸಿ ಮಣ್ಣು ಬಂತು, ಅಡಗಿ ಕೂರಲು ಹೆಂಚಿನ ಚೂರು ಬಂತು. ನನಗೆ ತಿನ್ನಲು ಡಾಕ್ಟರು ಹೇಳಿದ್ದ ಕ್ಯಾರೆಟ್ಟು ಡಬ್ಬದೊಳಗೆ ಹೋಯಿತು. ಹುಳುಗಳು ಮರಿ ಮಾಡಿ, ಮರಿಗಳು ಮತ್ತೆ ಮರಿ ಮಾಡಿ, ಮಹಡಿ ಮೇಲಿನ ರೂಮು ತುಂಬ ಡಬ್ಬಗಳಾದವು.

“ತಾಯಿ ಸತ್ತುಹೋದ್ರೆ ಮೊಟ್ಟೆಗಳು ಕೊಳೆತುಹೋಗ್ತವೆ,” ಅಂತ ಮಾವ ಯಂತ್ರ ತಟ್ಟಿ ಹೇಳಿದರು. “ಇದು ತಾಯಿಹುಳುವಿನ ವಾಸನೆ ಹೀರಿ, ಸಾವಿರಪಟ್ಟು ಗಟ್ಟಿ ಮಾಡಿ, ನೀರಿಗೆ ಇಳಿಸುತ್ತೆ. ಆ ನೀರು ಚಿಮುಕಿಸಿದ್ರೆ ಯಾವ ಹುಳುವಾದ್ರೂ ತಾಯಿ ಆಗಿಬಿಡುತ್ತೆ! ಮೊಟ್ಟೆ ಕಾಯುತ್ತೆ, ಒರೆಸುತ್ತೆ, ಆಗಾಗ ಮಗ್ಗುಲು ಬದಲಾಯಿಸುತ್ತೆ. ಗಂಡುಹುಳು ಹತ್ರ ಬಂದ್ರೆ ಓಡಿಸಿಬಿಡುತ್ತೆ!”

“ಗಂಡುಹುಳು ಏನು ಮಾಡ್ತು ಪಾಪ?”

“ಏನೂ ಮಾಡಲ್ಲ. ಅದಕ್ಕೇ ಓಡಿಸೋದು.”

ಆಗಲೇ ಎದುರುಮನೆ ಸರ್ವಮಂಗಳಮ್ಮ ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಬಾಗಿಲಲ್ಲಿ ನಿಂತರು. ಈ ಹುಳು ಕಿವಿಯೊಳಗೆ ಹೋಗಿ ಮೆದುಳು ತಿನ್ನುತ್ತದೆ ಅಂತ ಬೀದಿಗೆಲ್ಲ ಹೇಳಿದ್ದು ಅವರೇ.

“ಮನೆ ತುಂಬ ಹುಳ ಬಿಟ್ಕೊಂಡಿದೀರಲ್ಲ ಚೆನ್ನವೀರಯ್ಯನೋರೇ! ನಾಳೆ ಸೀಮಂತ. ಈ ಹುಡುಗಿಗೆ ಹೆತ್ತ ತಾಯಿ ಇಲ್ಲ, ತವರು ಅಂತ ಒಂದಿಲ್ಲ. ಬಾಣಂತನ ಯಾರು ಮಾಡ್ತಾರೆ? ಈ ಹುಳಗಳು ಮಾಡ್ತವಾ?”

“ಏನಂದ್ರಿ?” ಅಂದರು ಮಾವ.

“ಬಾಣಂತನ ಯಾರು ಮಾಡ್ತಾರೆ ಅಂದೆ!”

ಮಾವ ಯಂತ್ರದ ಕಡೆ ತಿರುಗಿ ಕೊಳವೆ ಬಿಗಿ ಮಾಡತೊಡಗಿದರು. ಸರ್ವಮಂಗಳಮ್ಮನ ಬಾಯಿ ಜೋರು, ಆದರೆ ಕೇಳಿದ್ದು ಸುಳ್ಳಲ್ಲ. ಆ ಪ್ರಶ್ನೆಯನ್ನು ನಾನು ತಿಂಗಳುಗಳಿಂದ ನುಂಗಿಕೊಂಡು ಓಡಾಡುತ್ತಿದ್ದೆ.

ಮಾರನೆಯ ದಿನ ಶಾಮಿಯಾನ ಹಾಕಿತ್ತು. ನನ್ನ ಗಂಡ ಪಂಚಾಕ್ಷರಿ ಬಾಗಿಲಲ್ಲಿ ನಿಂತು, ಬಂದವರ ಮೇಲೆಲ್ಲ ಪನ್ನೀರುದಾನಿಯಿಂದ ಪನ್ನೀರು ಚಿಮುಕಿಸುತ್ತಿದ್ದರು. ಒಂದು ಸಲ ಸಾಕು ಅಂದರೆ ಕೇಳುವ ಪೈಕಿ ಅಲ್ಲ. ಮಕ್ಕಳಿಗೆ ಎರಡೆರಡು ಸಲ, ನೆಂಟರಿಗೆ ಧಾರಾಳವಾಗಿ, ಅಡುಗೆಯವರಿಗೂ ಒಳಗೆ ಹೋಗಿ ಚಿಮುಕಿಸಿ ಬಂದರು!

ನಾನು ಹಸಿರು ಸೀರೆ ಉಟ್ಟು ಕುರ್ಚಿಯಲ್ಲಿ ಕೂತಿದ್ದೆ. ಮೊದಲು ಗಮನಿಸಿದ್ದು ಸರ್ವಮಂಗಳಮ್ಮನನ್ನು. ರವೆಉಂಡೆ ತಟ್ಟೆ ಹಿಡಿದು ಬಡಿಸಲು ಹೊರಟವರು ನಡುವೆ ನಿಂತರು. ಉಂಡೆಗಳನ್ನು ನೋಡಿದರು. ಸೆರಗು ಮುಚ್ಚಿ ಮೂಲೆಗೆ ಹೋಗಿ ಕೂತರು.

“ಅಮ್ಮಾ, ಒಂದು ಉಂಡೆ,” ಅಂದ ಪಕ್ಕದವರ ಮಗು.

“ಮುಟ್ಟಿದ್ರೆ ಕೈ ಮುರೀತೀನಿ!”

ಅಷ್ಟರಲ್ಲಿ ಫೋಟೋದವನು ಕ್ಯಾಮೆರಾ ಬಿಟ್ಟು ನಿಂಬೆಹಣ್ಣಿನ ಬುಟ್ಟಿ ತಬ್ಬಿಕೊಂಡ. ಅಡುಗೆಯವರು ಲಾಡು ತುಂಬಿದ ಕೊಪ್ಪರಿಗೆಯ ಸುತ್ತ ಕೂತು ಒಂದೊಂದೇ ಲಾಡು ಎತ್ತಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಮಗ್ಗುಲು ಬದಲಾಯಿಸಿ ಇಡತೊಡಗಿದರು. ರಿಟೈರ್ಡ್ ಪೋಸ್ಟ್ ಮಾಸ್ಟರ್ ಶಿವಲಿಂಗಪ್ಪನವರ ತಲೆ ಪೂರ್ತಿ ಬೋಳು. ಅವರ ಸುತ್ತ ಹೆಂಗಸರೆಲ್ಲ ಸೇರಿ ತಲೆ ಒರೆಸಿದ್ದೇ ಒರೆಸಿದ್ದು!

“ಅಯ್ಯೋ, ಬಿಡ್ರಮ್ಮ! ಕುತ್ತಿಗೆ ತಿರುಗಿಸಬೇಡಿ!” ಅಂತ ಅವರು ಕೂಗುತ್ತಿದ್ದರು.

ಮಾವ ಮಹಡಿಯಿಂದ ಧಡಧಡ ಇಳಿದು ಬಂದರು. “ಪನ್ನೀರುದಾನಿ ಎಲ್ಲಿ? ಮಹಡಿ ರೂಮಲ್ಲಿ ಇಟ್ಟಿದ್ನಲ್ಲ, ಎಲ್ಲಿ?”

“ಇಲ್ಲಿದೆಯಲ್ಲಪ್ಪ. ನೀವೇ ಆಗಲೇ ತುಂಬಿಸಿ ಇಟ್ಟಿದ್ರಲ್ಲ, ನಾನು ಕೆಳಗೆ ತಗೊಂಡು ಬಂದೆ,” ಅಂದರು ನನ್ನ ಗಂಡ.

“ಅದು ಪನ್ನೀರಲ್ಲ ಕಣೋ! ತಾಯಿನೀರು! ಹುಳದ ಮೊಟ್ಟೆ ಮೇಲೆ ಸಣ್ಣಗೆ ಚಿಮುಕಿಸೋಕೆ ಮನೇಲಿ ಬೇರೆ ಸಾಮಾನಿರಲಿಲ್ಲ ಅಂತ ಅದ್ರಲ್ಲಿ ತುಂಬಿಸಿದ್ದೆ!”

ಅಪ್ಪ ಎಳೆದರು, ಮಗ ಬಿಡಲಿಲ್ಲ. ಮುಚ್ಚಳ ಕಳಚಿತು. ಉಳಿದದ್ದೆಲ್ಲ ಮಾವನ ತಲೆಯ ಮೇಲೆ ಸುರಿಯಿತು.

ಆ ಗದ್ದಲಕ್ಕೆ ಎಲ್ಲರೂ ತಲೆಯೆತ್ತಿ ನೋಡಿದರು. ಅವರಿಗೆಲ್ಲ ಒಟ್ಟಿಗೆ ನನ್ನ ಹೊಟ್ಟೆ ಕಣ್ಣಿಗೆ ಬಿತ್ತು. ಆ ಶಾಮಿಯಾನದಲ್ಲಿ ಅದಕ್ಕಿಂತ ದೊಡ್ಡ ಉಂಡೆ ಇರಲಿಲ್ಲ!

ಲಾಡು ಬಿಟ್ಟು, ನಿಂಬೆಹಣ್ಣು ಬಿಟ್ಟು, ಪೋಸ್ಟ್ ಮಾಸ್ಟರನ್ನೂ ಬಿಟ್ಟು ಎಲ್ಲರೂ ನನ್ನ ಸುತ್ತ ಕೋಟೆ ಕಟ್ಟಿದರು. ಒಬ್ಬರು ಕಾಲು ಒತ್ತಿದರು, ಒಬ್ಬರು ಗಾಳಿ ಬೀಸಿದರು, ಒಬ್ಬರು ಬೆನ್ನಿಗೆ ದಿಂಬು ಇಟ್ಟರು, ಇನ್ನೊಬ್ಬರು ಎಡಮಗ್ಗುಲಿಗೆ ತಿರುಗಿಸಿದರು. ಸರ್ವಮಂಗಳಮ್ಮ ನನ್ನ ಹಣೆ ಒರೆಸಿ, ಒರೆಸಿ, “ಹೆದರಬೇಡ ಮಗಳೇ, ನಾನಿದೀನಿ,” ಅಂದರು. ನನ್ನ ಗಂಡ ಗಾಬರಿಯಿಂದ ಹತ್ತಿರ ಬಂದಾಗ ಹೆಂಗಸರೆಲ್ಲ ಒಟ್ಟಿಗೆ ಬುಸ್ ಅಂದರು! ಪೊರಕೆ, ಸೌಟು, ಚಪ್ಪಲಿ, ಕೈಗೆ ಸಿಕ್ಕಿದ್ದರಲ್ಲಿ ಅಟ್ಟಿಸಿಕೊಂಡು ಹೋಗಿ ಬೀದಿಯ ತುದಿ ದಾಟಿಸಿ ಬಂದರು.

ನಗಬೇಕಿತ್ತು. ನಾನು ಅತ್ತುಬಿಟ್ಟೆ. ಮಗಳೇ ಅಂತ ಯಾರಾದರೂ ಕರೆದು ಎಷ್ಟು ಕಾಲವಾಗಿತ್ತೋ! ಹುಳುವಿನ ವಾಸನೆಯಿಂದ ಬಂದದ್ದಾದರೂ ಸರಿ, ಆ ಕೈಗಳು ಬೆಚ್ಚಗಿದ್ದವು.

ಸಂಜೆಯ ಹೊತ್ತಿಗೆ ನೀರಿನ ಶಕ್ತಿ ಇಳಿಯಿತು. ಎಲ್ಲರೂ ಮುಖ ಮುಖ ನೋಡಿಕೊಂಡು, ಒರೆಸಿ ಒರೆಸಿ ಸಣ್ಣಗಾಗಿದ್ದ ಲಾಡು ತಿಂದು ಮನೆಗೆ ಹೋದರು. ಮಾವ ಯಂತ್ರ ಬಿಚ್ಚಿ, ಮಿಕ್ಸಿ ಜಾರು ತೊಳೆದು ತಂದುಕೊಟ್ಟರು.

“ತಪ್ಪಾಯ್ತಮ್ಮ,” ಅಂದರು. “ನಿನಗೆ ತಾಯಿಯಿಲ್ಲ. ನಿಮ್ಮತ್ತೆ ಇದ್ದಿದ್ರೆ ನೋಡ್ಕೊಳ್ತಿದ್ಲು. ನನಗೆ ರಿಪೇರಿ ಬಿಟ್ರೆ ಬೇರೇನು ಬರುತ್ತೆ ಹೇಳು? ತಾಯಿ ಅನ್ನೋಳು ಏನು ಮಾಡ್ತಾಳೆ ಅಂತ ಆ ಹುಳಗಳನ್ನ ನೋಡಿ ಕಲೀತಿದ್ದೆ.”

ಜಾರನ್ನು ಪಕ್ಕಕ್ಕಿಟ್ಟು ನಾನು ಅವರ ಕೈ ಹಿಡಿದುಕೊಂಡೆ.

ಮಗಳು ಹುಟ್ಟಿದಳು. ಸರ್ವಮಂಗಳಮ್ಮ ಯಾರೂ ಕರೆಯದೆ ಬಂದು, ಸೀರೆ ಮೇಲೆತ್ತಿ ಕಟ್ಟಿ, ನನಗೆ ಎಣ್ಣೆ ಹಚ್ಚಿ ನೀರು ಹಾಕಿದರು. “ಆ ತಾಯಿನೀರಿನ ಪ್ರಭಾವ ಅಲ್ಲ ಮತ್ತೆ!” ಅಂತ ಬೈದುಕೊಂಡೇ ಹಾಕಿದರು. ಉಳಿದದ್ದೆಲ್ಲ ಮಾವ. ಮೆಣಸಿನ ಸಾರು ಅವರದು, ಹುರಿದ ಬೆಳ್ಳುಳ್ಳಿ ಅವರದು, ಸಾಂಬ್ರಾಣಿ ಹೊಗೆ ಅವರದು. ಮಗುವನ್ನು ಒರೆಸುವುದು, ಮಗ್ಗುಲು ಬದಲಾಯಿಸುವುದಂತೂ ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ. ಎಲ್ಲರಿಗೂ ಇಳಿದದ್ದು ನಿಮಗೆ ಯಾಕೆ ಇಳಿದಿಲ್ಲ ಮಾವ ಅಂದರೆ, “ತಲೆ ಮೇಲೆ ಪೂರ್ತಿ ಸುರೀತಲ್ಲಮ್ಮ, ಟೈಮ್ ಬೇಕು,” ಅನ್ನುತ್ತಾರೆ. ನಾನು ನಂಬಿದ ಹಾಗೆ ಮಾಡುತ್ತೇನೆ. ಹೆತ್ತವಳಿದ್ದಿದ್ದರೂ ಇದಕ್ಕಿಂತ ಚೆನ್ನಾಗಿ ನೋಡಿಕೊಳ್ಳುತ್ತಿದ್ದಳು ಅಂತ ನನಗೆ ಅನ್ನಿಸುವುದಿಲ್ಲ. ಈ ಋಣ ತೀರುವಂಥದ್ದಲ್ಲ.

ಮೊನ್ನೆ ತೊಟ್ಟಿಲ ಹತ್ತಿರ ಕೂತಿದ್ದ ಮಾವನನ್ನು ಕೇಳಿದೆ: “ಕೊನೆಗೆ ಆ ತಾಯಿಹುಳು ಏನಾಗುತ್ತೆ ಮಾವ?”

“ಕೆಲವು ಜಾತಿಗಳಲ್ಲಿ ಮರಿಗಳೇ ಅದನ್ನ ತಿಂದುಬಿಡ್ತವೆ.”

ಮಗಳು ಅವರ ಹೆಬ್ಬೆರಳನ್ನು ಬಾಯಿಗೆ ಹಾಕಿಕೊಂಡು ಬಲವಾಗಿ ಚೀಪುತ್ತಿದ್ದಳು. ಮಾವ ಬಗ್ಗಿ ಅವಳ ವಸಡನ್ನು ಚೆನ್ನಾಗಿ ಪರೀಕ್ಷಿಸಿದರು. ಬೆರಳು ಮಾತ್ರ ಬಿಡಿಸಿಕೊಳ್ಳಲಿಲ್ಲ.

“ಇನ್ನೂ ಹಲ್ಲು ಬಂದಿಲ್ಲ,” ಅಂದರು.