ಮೇಸ್ತ್ರಿಯ ಕೊನೆಯ ಸೈಲೆನ್ಸರ್

ಶನಿವಾರ ಬೆಳಿಗ್ಗೆ ಎರ್ಮೆಸ್ ಹಾಲಿಗೆಂದು ಫ್ರಿಜ್ಜಿನ ಬಾಗಿಲನ್ನು ಸ್ವಲ್ಪ ಜೋರಾಗಿ ಎಳೆದದ್ದೇ ತಪ್ಪಾಯಿತು. ಅಲ್ಲಿ ಅಂಟಿಸಿದ್ದ ಹಲ್ಲಿನ ಡಾಕ್ಟರ ಚೀಟಿ, ಚರ್ಚಿನ ಪ್ರಕಟಣೆ, ಮೊಲದ ಮಾಂಸ ಬೇಯಿಸುವ ವಿಧಾನ ಎಲ್ಲ ಉದುರಿ, ಅಡಿಯಲ್ಲಿ ಅವಿತಿದ್ದ ಕಾಗದವೊಂದು ಅವನನ್ನು ನೋಡಿ ಹಲ್ಲು ಕಿರಿಯಿತು. ಬೈಕಿನ ತಪಾಸಣೆಗೆ ಕೊನೆಯ ದಿನ ಇವತ್ತು! ತಪಾಸಣೆ ಕೇಂದ್ರ ಮುಚ್ಚುವುದು ಹನ್ನೆರಡೂವರೆಗೆ.

ಬೇರೆ ದಿನವಾಗಿದ್ದರೆ ಎರ್ಮೆಸ್ ಸೋಮವಾರ ನೋಡಿಕೊಂಡರಾಯಿತು ಎನ್ನುತ್ತಿದ್ದ. ಅಂಚೆ ಕಚೇರಿಯ ಗುಮಾಸ್ತನಿಗೆ ಕಾಯುವುದೇನು ಹೊಸದೇ? ಆದರೆ ನಾಳೆ ಚರ್ಚಿನ ಚೌಕದಲ್ಲಿ ಬೈಕುಗಳಿಗೆ ಆಶೀರ್ವಾದ. ಪಾದ್ರಿಗಳು ತೀರ್ಥ ಚಿಮುಕಿಸಿದ ಮೇಲೆ ಒಂದೊಂದೇ ಬೈಕು ಮುಂದೆ ಬಂದು ದನಿ ಕೇಳಿಸಬೇಕು, ಬೆಂಚಿನ ಮೇಲಿನ ಹಿರಿಯರು ತಲೆದೂಗಬೇಕು. ಕಾಗದ ಸರಿಯಿಲ್ಲದ ಬೈಕನ್ನು ಪೊಲೀಸರು ಚೌಕದೊಳಗೇ ಬಿಡುವುದಿಲ್ಲ. ಮತ್ತು ನಾಳೆ ಆ ಬೆಂಚಿನ ನಡುವೆ ಮೇಸ್ತ್ರಿ ಒತ್ತೋರಿನೊ ಕೂತಿರುತ್ತಾರೆ.

ಮೇಸ್ತ್ರಿಗೆ ಎಂಬತ್ತು. ನಲವತ್ತೈದು ವರ್ಷ ಟೈಟಾನಿಯಂ ತಗಡು ಸುತ್ತಿ ಸೈಲೆನ್ಸರ್ ಮಾಡಿದ ಕೈ. ಅವರ ಬೆಸುಗೆ ಮೀನಿನ ಹುರುಪೆಯ ಹಾಗೆ, ಒಂದರ ಪಕ್ಕ ಒಂದು, ಎಣಿಸಿಟ್ಟಂತೆ. ಬೆಂಕಿ ತಾಕಿದಲ್ಲಿ ಲೋಹ ಮೊದಲು ಜೇನಿನ ಬಣ್ಣ, ಆಮೇಲೆ ನೇರಳೆ, ಕೊನೆಗೆ ಸಂಜೆಯ ನೀಲಿ. ಹೋದ ಚಳಿಗಾಲದಲ್ಲಿ ಎರ್ಮೆಸ್‌ನ ಕೆಂಪು ಬೈಕಿಗೆ ಒಂದು ಮಾಡಿಕೊಟ್ಟು, "ಇದೇ ಕೊನೇದು. ಹಬ್ಬದ ದಿನ ಇದನ್ನ ಚೌಕಕ್ಕೆ ತಗೊಂಡು ಬಾ" ಎಂದು ಅಂಗಡಿಯ ಬಾಗಿಲೆಳೆದಿದ್ದರು. ಎರ್ಮೆಸ್ ಮಾತು ಕೊಟ್ಟಿದ್ದ.

ಆ ಸೈಲೆನ್ಸರ್ ಹಾಕಿಕೊಂಡು ತಪಾಸಣೆಗೆ ಹೋಗುವುದುಂಟೇ? ಕೈಯಲ್ಲಿ ಮಾಡಿದ ಜೋರು ದನಿಯ ಸೈಲೆನ್ಸರನ್ನು ಕಾಯ್ದೆ ಒಪ್ಪುವುದಿಲ್ಲ ಎಂದೇ ಎಲ್ಲರ ನಂಬಿಕೆ. ಆ ಊರಿನ ಪದ್ಧತಿಯೇ ಬೇರೆ. ತಪಾಸಣೆಯ ದಿನ ಎಲ್ಲರ ಬೈಕುಗಳೂ ಕಂಪನಿ ಕನ್ನಡಿ, ಕಂಪನಿ ಹಿಡಿಕೆ, ಕಂಪನಿ ಸೈಲೆನ್ಸರ್ ತೊಟ್ಟು, ಹೆಣ್ಣು ನೋಡಲು ಹೊರಟ ಗಂಡಿನಂತೆ ತಲೆತಗ್ಗಿಸಿ ಹೋಗುತ್ತವೆ. ಸಂಜೆಗೆ ಎಲ್ಲ ಕಳಚಿ ಮತ್ತೆ ನಿಜರೂಪ. ಒಂದೇ ಕಂಪನಿ ಸೈಲೆನ್ಸರ್ ನಾಲ್ಕು ಬೈಕುಗಳ ಮಾನ ಕಾಪಾಡಿದ ವರ್ಷವೂ ಉಂಟು.

"ಅತ್ತೆ, ಗ್ಯಾರೇಜಲ್ಲಿ ಒಂದು ಕಪ್ಪು ಸೈಲೆನ್ಸರ್ ಇತ್ತಲ್ಲ, ಎಲ್ಲಿ?"

ಸೋದರತ್ತೆ ಇಯೋಲೆ ಲಟ್ಟಣಿಗೆ ನಿಲ್ಲಿಸಲಿಲ್ಲ. ಹಿಟ್ಟು ಮೇಜಿನುದ್ದಕ್ಕೂ ಹಾಸಿಕೊಂಡಿತ್ತು. "ಆ ಕರಿ ಡಬ್ಬಾನಾ? ಬಾಲ್ಕನೀಲಿದೆ. ಹೋಗಿ ನೋಡು, ಎಷ್ಟು ಚೆನ್ನಾಗಿ ಹೂ ಬಿಟ್ಟಿದೆ!"

ಎರ್ಮೆಸ್ ನೋಡಿದ. ಕಂಪನಿ ಸೈಲೆನ್ಸರ್ ಬಾಲ್ಕನಿಯ ಕಂಬಿಗೆ ನೆಟ್ಟಗೆ ಕಟ್ಟಿಸಿಕೊಂಡು, ಬಾಯಿತುಂಬ ಮಣ್ಣು ಕಚ್ಚಿಕೊಂಡು, ತಲೆಯ ಮೇಲೆ ಕೆಂಪು ಜೆರೇನಿಯಂ ಹೊತ್ತು ನಿಂತಿತ್ತು.

"ಅತ್ತೇ! ಅದು ಬೈಕಿಂದು!"

"ಬೈಕು ಅದನ್ನ ಬೇಡ ಅಂತು, ಗಿಡ ಬೇಕು ಅಂತು. ನಾನೇನಪ್ಪ ಮಾಡ್ಲಿ?"

ಗದ್ದಲ ಕೇಳಿ ಕೆಳಗಿನ ಕ್ಷೌರದಂಗಡಿಯ ವಾಲ್ತೆರ್, ಗಿರಾಕಿಯ ಕೆನ್ನೆಗೆ ನೊರೆ ಹಚ್ಚಿ ಅರ್ಧಕ್ಕೇ ಬಿಟ್ಟು ಹೊರಗೆ ಬಂದ. "ಕಿತ್ತು ಕೊಡು ಮಾರಾಯ, ಹೋಸ್ ಪೈಪಲ್ಲಿ ತೊಳೆದ್ರೆ ಮುಗೀತು!" ಎಂದು ನೀರು ಬಿಟ್ಟ. ಸೈಲೆನ್ಸರೊಳಗಿನ ಒಣ ಮಣ್ಣು ಹದವಾದ ಕೆಸರಾಯಿತು. ಅರ್ಧ ಹೊರಗೆ ಬಂತು. ಇನ್ನರ್ಧ ಒಳಗಿನ ಗೂಡುಗಳಲ್ಲಿ ಹಾಯಾಗಿ ಉಳಿಯಿತು. ಅರ್ಧ ಗಡ್ಡದ ಗಿರಾಕಿಯೂ ಬಂದು, ಅಂಗಡಿಯ ಕೂದಲೊಣಗಿಸುವ ಯಂತ್ರ ಹಿಡಿಯಿರಿ ಎಂದ. ಅದನ್ನೂ ಹಿಡಿದರು.

ಎರ್ಮೆಸ್ ಮೇಸ್ತ್ರಿಯ ಸೈಲೆನ್ಸರನ್ನು ಹಸುಗೂಸನ್ನು ಎತ್ತಿಕೊಳ್ಳುವಂತೆ ಬೈಕಿನಿಂದ ಬಿಡಿಸಿ, ಬಾಲ್ಕನಿಯ ಕುರ್ಚಿಯ ಮೇಲೆ ಟವೆಲ್ ಹಾಸಿ ಮಲಗಿಸಿದ. ಪಕ್ಕದಲ್ಲಿ ಅತ್ತೆ ಬೇರು ಇಳಿಬಿಟ್ಟ ಜೆರೇನಿಯಂ ಹಿಡಿದು ನಿಂತಿದ್ದರು.

"ಈ ಮಗೂನ ಎಲ್ಲಿಡ್ಲೋ ಈಗ? ಬಿಸಿಲು ಬಿದ್ರೆ ಸತ್ತೇ ಹೋಗುತ್ತೆ."

"ಎಲ್ಲಾದ್ರೂ ಹಾಕಿ ಅತ್ತೆ! ಕೈಗೆ ಸಿಕ್ಕಿದ್ರಲ್ಲಿ ಹಾಕಿ!" ಎಂದು ಎರ್ಮೆಸ್ ಮೆಟ್ಟಿಲಿಳಿದು ಓಡಿದ.

ತೊಳೆದ ಕಂಪನಿ ಸೈಲೆನ್ಸರ್ ಬಿಗಿದದ್ದೇ ಬೈಕು ಸ್ಟಾರ್ಟ್ ಆಯಿತು. ದನಿ ಮಾತ್ರ ಗಂಟಲಿಗೆ ಕಂಬಳಿ ತುರುಕಿದಂತಿತ್ತು. ದಿನವೂ ಆ ಬೈಕಿಗೆ ಕೈಬೀಸುವ ಮಾಂಸದಂಗಡಿಯವನು ಇವತ್ತು ಕತ್ತಿ ಕೆಳಗಿಟ್ಟ. "ಏನೋ ಎರ್ಮೆಸ್, ನಿನ್ನ ಬೈಕಿಗೆ ನೆಗಡೀನಾ?" ಬಸ್ ಸ್ಟಾಪಿನಲ್ಲಿದ್ದ ಮುದುಕನೊಬ್ಬ ಶವಯಾತ್ರೆಯೆಂದು ಟೋಪಿ ತೆಗೆದ.

ತಪಾಸಣೆ ಕೇಂದ್ರದ ಜಿಲ್ಬೆರ್ತೊ ಇಸ್ತ್ರಿ ಮಾಡಿದ ಬಿಳಿ ಕೋಟಿನಲ್ಲಿ ಕಾಯುತ್ತಿದ್ದ. ಬೈಕನ್ನು ನೋಡಿ ಯಾಕೋ ಅವನ ಮುಖ ಬಾಡಿತು. ಹೊಗೆ ಅಳೆಯುವ ಕಡ್ಡಿಯನ್ನು ಸೈಲೆನ್ಸರಿಗೆ ತೂರಿಸಿದ. "ಹೂಂ, ಆಕ್ಸಿಲರೇಟರ್ ತಿರುಗಿಸು."

ಎರ್ಮೆಸ್ ತಿರುಗಿಸಿದ. ಏನೂ ಆಗಲಿಲ್ಲ. ಇನ್ನಷ್ಟು ತಿರುಗಿಸಿದ. ಬೈಕು ಉಸಿರು ಒಳಗೆಳೆದುಕೊಂಡಂತಾಗಿ, ಒಂದೇ ಒಂದು ಸಲ ಸೀನಿತು.

ಹೊಗೆ ಚದುರಿದಾಗ ಜಿಲ್ಬೆರ್ತೊ ಕಣ್ಣು ಮಾತ್ರ ಮಿಟುಕಿಸುತ್ತ ನಿಂತಿದ್ದ. ಉಳಿದದ್ದೆಲ್ಲ ಕೆಸರು. ಅವನು ಕನ್ನಡಕ ಒರೆಸಿಕೊಂಡು, ಎದೆಯ ಜೇಬಿನಿಂದ ಎರೆಹುಳುವೊಂದನ್ನು ನಿಧಾನಕ್ಕೆ ಎತ್ತಿ ಹೊರಗಿನ ಹುಲ್ಲಿನ ಮೇಲೆ ಬಿಟ್ಟು ಬಂದ.

"ಮೇಸ್ತ್ರಿದು ಎಲ್ಲಿ?"

"ಯಾವ ಮೇಸ್ತ್ರಿದು? ನನ್ ಹತ್ರ ಏನೂ ಇಲ್ಲಪ್ಪ."

"ನನ್ ಹತ್ರ ಸುಳ್ಳು ಬೇಡ. ದಿನಾ ಏಳೂಕಾಲಿಗೆ ನನ್ನ ಕಿಟಕಿ ಕೆಳಗೆ ಹೋಗ್ತೀಯ. ನನ್ ಹೆಂಡ್ತಿ ಅದನ್ನ ಕೇಳ್ಕೊಂಡೇ ಕಾಫಿ ಒಲೆ ಮೇಲಿಡ್ತಾಳೆ. ಇವತ್ತು ಹತ್ತಿರದಿಂದ ಕೇಳ್ಬೋದು ಅಂತ ಬೆಳಿಗ್ಗೆಯಿಂದ ಕಾಯ್ತಿದ್ದೆ ಕಣೋ!"

"ಕಾಯ್ದೆ ಒಪ್ಪಲ್ವಲ್ಲ..."

"ಒಪ್ಪಿದೆ! ಮೇಸ್ತ್ರಿ ಅದನ್ನ ಬೊಲೊನ್ಯಾ ನಗರಕ್ಕೆ ಕಳಿಸಿ ಪರೀಕ್ಷೆ ಮಾಡ್ಸಿದಾರೆ. ಚಕ್ರದ ಕಡೆ ತಿರುಗಿರೋ ಜಾಗದಲ್ಲಿ ಮೊಹರಿದೆ, ಅಕ್ಕಿಕಾಳಷ್ಟು. ಕಾಗದ ನನ್ನ ಡ್ರಾಯರಲ್ಲಿದೆ. ತನ್ನ ಸೈಲೆನ್ಸರಿಗೆ ಸರ್ಕಾರದ ಮೊಹರು ಅಂದ್ರೆ ಊರಲ್ಲಿ ಮರ್ಯಾದೆ ಹೋಗುತ್ತೆ ಅಂತ ಯಾರಿಗೂ ಹೇಳಿಲ್ಲ ಮುದುಕ. ಇನ್ನೂ ಇಪ್ಪತ್ತೈದು ನಿಮಿಷ ಇದೆ. ಹಾಕ್ಕೊಂಡು ಬಾ, ಐದು ನಿಮಿಷದಲ್ಲಿ ಪಾಸು. ಓಡು!"

ಎರ್ಮೆಸ್ ಹಾರಿದ. ಮಾತು ಉಳಿಯಿತು! ನಾಳೆ ಚೌಕ, ಮೇಸ್ತ್ರಿ, ಆ ದನಿ! ಬೈಕು ಕೆಮ್ಮಿದ್ದೂ ಅವನಿಗೆ ಹಾಡಿನಂತೆ ಕೇಳಿತು.

ಮನೆಯ ಮುಂದೆ ಸಣ್ಣ ಗುಂಪು ನೆರೆದಿತ್ತು. ವಾಲ್ತೆರ್, ಅರ್ಧ ಗಡ್ಡದ ಗಿರಾಕಿ, ಮತ್ತು ಅವರ ನಡುವೆ ಸ್ವತಃ ಮೇಸ್ತ್ರಿ ಒತ್ತೋರಿನೊ, ತಲೆಯೆತ್ತಿ ಬಾಲ್ಕನಿ ನೋಡುತ್ತ. ಎರ್ಮೆಸ್ ಕೂಡ ನೋಡಿದ.

ಕಂಬಿಗೆ ನೆಟ್ಟಗೆ ಕಟ್ಟಿದ ಟೈಟಾನಿಯಂ ಬಿಸಿಲಿಗೆ ಹೊಳೆಯುತ್ತಿತ್ತು. ಜೇನು, ನೇರಳೆ, ನೀಲಿ. ಅದರ ತಲೆಯ ಮೇಲೆ ಕೆಂಪು ಜೆರೇನಿಯಂ.

"ಕೈಗೆ ಸಿಕ್ಕಿದ್ರಲ್ಲಿ ಹಾಕಿ ಅಂದ್ಯಲ್ಲ," ಅತ್ತೆ ಮೇಲಿನಿಂದ ಹೇಳಿದರು. "ಎಷ್ಟು ಹಗುರ ಇದು! ಮಣ್ಣು ಚೆನ್ನಾಗಿ ಒತ್ತಿ ತುಂಬಿದೀನಿ."

ಎರ್ಮೆಸ್ ಬೈಕನ್ನು ಅಲ್ಲೇ ಬಿಟ್ಟು ಮೆಟ್ಟಿಲಿನತ್ತ ನುಗ್ಗಿದ. "ಮೇಸ್ತ್ರಿ, ಒಂದೇ ನಿಮಿಷ, ಕಿತ್ತು ತೊಳೆದು..."

"ಮುಟ್ಟಬೇಡ!" ಮೇಸ್ತ್ರಿ ಟೋಪಿ ತೆಗೆದು ಎದೆಗೊತ್ತಿಕೊಂಡರು. ಕಣ್ಣು ತೇವವಾಗಿತ್ತು. "ನಲವತ್ತೈದು ವರ್ಷ ಮಾಡಿದ್ದೆಲ್ಲ ಯಾರದೋ ಕಾಲ ಕೆಳಗೆ ಕೆಸರು ತಿನ್ಕೊಂಡಿತ್ತು. ಒಂದನ್ನಾದ್ರೂ ತಲೆ ಎತ್ತಿ ನೋಡೋ ಜಾಗದಲ್ಲಿ ಇಟ್ಟಿದ್ರಾ ಯಾರಾದ್ರೂ? ಇಯೋಲೆ, ನೀನು ಕಣ್ಣಿರೋ ಹೆಂಗಸು."

"ಈಗ ತಾನೇ ನೆಟ್ಟಿದ್ದು. ಎಂಟು ದಿನ ಅಲುಗಿಸಬಾರದು," ಎಂದರು ಅತ್ತೆ, ನಾಚಿಕೊಂಡು.

"ಕೇಳಿಸ್ತಾ ಎರ್ಮೆಸ್? ಎಂಟು ದಿನ ಅಲುಗಿಸಬಾರದು. ನಾಳೆ ಎಲ್ರೂ ಇಲ್ಲಿಗೇ ಬರ್ತೀವಿ."

ಚರ್ಚಿನ ಗಂಟೆ ಹನ್ನೆರಡೂವರೆ ಹೊಡೆಯಿತು.

ಮಾರನೆಯ ದಿನ ಬಂದೇ ಬಂದರು. ಎಪ್ಪತ್ತು ಬೈಕುಗಳು ಚೌಕ ಬಿಟ್ಟು ಬಾಲ್ಕನಿಯ ಕೆಳಗೆ ಸಾಲಾದವು. ಪಾದ್ರಿಗಳು ಮೊದಲ ತೀರ್ಥವನ್ನು ಮೇಲಕ್ಕೇ ಚಿಮ್ಮಿಸಿದರು. ವಾಲ್ತೆರನ ಅಂಗಡಿಯ ಕುರ್ಚಿಯಲ್ಲಿ ಮೇಸ್ತ್ರಿ ಮಹಾರಾಜರ ಹಾಗೆ ಕೂತಿದ್ದರು. ಊರೆಲ್ಲ ಬೆಸುಗೆಯನ್ನು ಹೊಗಳಿತು, ಹೂವನ್ನು ಹೊಗಳಿತು, ಇಯೋಲೆಯನ್ನು ಹೊಗಳಿತು. ಆಮೇಲೆ, ತಪಾಸಣೆಯ ಕಾಗದವಿಲ್ಲದ ಎರ್ಮೆಸ್ ಒಬ್ಬನನ್ನು ಬಿಟ್ಟು, ಎಲ್ಲರೂ ಸವಾರಿಗೆಂದು ಬೆಟ್ಟದ ದಾರಿ ಹಿಡಿದರು. ಅತ್ತೆ ಹಬ್ಬದ ಅಂಗಿ ತೊಟ್ಟು ಜಿಲ್ಬೆರ್ತೊನ ಬೈಕಿನ ಹಿಂದೆ ಹತ್ತಿ, ಹೆಲ್ಮೆಟ್ಟಿನೊಳಗಿನಿಂದ ಕೂಗಿದರು:

"ಬರೋದು ಸಂಜೆಯಾಗುತ್ತೆ ಕಣಪ್ಪ. ನಾಲ್ಕು ಗಂಟೆಗೆ ಒಂದು ಲೋಟ ನೀರು ಹಾಕು. ಜಾಸ್ತಿ ಹಾಕ್ಬೇಡ, ಪಾಪ, ಮೇಸ್ತ್ರಿ ಸೈಲೆನ್ಸರ್ ಹಾಳಾಗುತ್ತೆ!"