ಇಬ್ಬರು ಮರಿಯಮ್ಮಂದಿರ ಗೋದಲಿ

ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ, ಬಲಗಾಲಿಗೆ ಹೊಸ ಚಪ್ಪಲಿ, ಎಡಗಾಲಿಗೆ ಹಳೇ ಚಪ್ಪಲಿ ಮೆಟ್ಟಿಕೊಂಡು ಚರ್ಚಿಗೆ ಹೋಗುತ್ತಿದ್ದರು ಅಂದರೆ ನೀವು ನಂಬುವುದಿಲ್ಲ. ನಂಬಬೇಡಿ, ನನಗೇನು! ಆದರೆ ಐವತ್ತರ ದಶಕದ ಹುಣಸೂರಿನಲ್ಲಿ ಭಾನುವಾರ ಬೆಳಿಗ್ಗೆ ‘ಕಿರ್ರ್’ ಅಂತ ಒಂದು ಹೆಜ್ಜೆ, ಸದ್ದಿಲ್ಲದ ಇನ್ನೊಂದು ಹೆಜ್ಜೆ, ಮತ್ತೆ ‘ಕಿರ್ರ್’ ಕೇಳಿಸಿದರೆ ನಮ್ಮ ಬೀದಿಯವರು ತಲೆ ಎತ್ತದೇನೇ, “ಅಮ್ಮಾವ್ರು ಪೂಜೆಗೆ ಒಂಟ್ರು” ಅನ್ನುತ್ತಿದ್ದರು.

ಅತ್ತೆಯ ಲಾಜಿಕ್ ಬಹಳ ಸಿಂಪಲ್. “ಒಸ ಚಪ್ಪಲಿಗೆ ಚರ್ಚಿನ ದಾರಿ ಗೊತ್ತಾ? ಅಳೇದು ಜೊತೇಲಿದ್ರೆ ತೋರಿಸ್ತದೆ!”

ಚಪ್ಪಲಿ ಹೊಲಿಯುವವನು ತಲೆ ಕೆರೆದುಕೊಂಡು ಕೇಳಿದ್ದ: “ಅಂಗಾರೆ ಒಂದೊಂದೇ ಒಲೀಲಾ ಅಮ್ಮಾ?”

“ಜೊತೇನೇ ಒಲಿಯಪ್ಪ. ಇನ್ನೊಂದು ಪೆಟ್ಟಿಗೇಲಿ ಕುಂತು ಬುದ್ಧಿ ಕಲೀಲಿ.”

ಇದಕ್ಕೆಲ್ಲ ಮೂಲ ನಮ್ಮ ಚರ್ಚಿನ ಸ್ವಾಮೇರು. ಮನೆ ಯಜಮಾನನೊಬ್ಬ ಉಗ್ರಾಣದಿಂದ ಹೊಸದನ್ನೂ ಹಳೆಯದನ್ನೂ ಹೊರಗೆ ತೆಗೆಯುವ ಬೈಬಲಿನ ಸಾಮತಿ ಕಥೆಯ ಮೇಲೆ ಅವರು ಒಮ್ಮೆ ಪ್ರಸಂಗ ಮಾಡಿದರಂತೆ. ಉಳಿದವರೆಲ್ಲ ತೂಕಡಿಸಿದರು. ಅತ್ತೆ ಮಾತ್ರ ಅದು ತನಗೇ ಕೊಟ್ಟ ಆರ್ಡರ್ ಅಂದುಕೊಂಡು ಮನೆಗೆ ಬಂದರು!

ಮನೆಗೆ ಕರೆಂಟು ಬಂತು. ಅತ್ತೆ ಬಲ್ಬಿನ ಪಕ್ಕದಲ್ಲೇ ಲಾಟೀನು ಹಚ್ಚಿಟ್ಟರು. ಲೈನ್‌ಮನ್ನಿಗೆ ಅವಮಾನವಾಗದೆ ಇರುತ್ತದೆಯೇ? “ಇದೇನ್ರಮ್ಮ, ಸೂರ್ಯನಿಗೆ ದೀಪ ತೋರಿಸ್ತೀರಲ್ಲ!”

“ಒಸಬ ಕಣಪ್ಪ ಇವನು. ಏಳ್ದೆ ಕೇಳ್ದೆ ಒಂಟೋದ್ರೆ?”

ಲೈನ್‌ಮನ್ ನಕ್ಕ. ನಗು ಮುಗಿಯುವ ಮೊದಲೇ ಕರೆಂಟು ಹೋಯಿತು! ಲಾಟೀನಿನ ಬೆಳಕಿನಲ್ಲಿ ಅವನು ಕಾಫಿ ಕುಡಿದು, ಲಾಟೀನಿನ ಬೆಳಕಿನಲ್ಲೇ ತನ್ನ ಸೈಕಲ್ ಹುಡುಕಿಕೊಂಡು ಹೋದ.

ನಾನಾಗ ಮೈಸೂರಿನ ಕಾನ್ವೆಂಟಿನ ಬೋರ್ಡಿಂಗಿನಲ್ಲಿದ್ದ ಒಂಬತ್ತು ವರ್ಷದ ಮಹಾ ಪ್ರೌಡ್ ಹುಡುಗಿ. ಸಿಸ್ಟರುಗಳಿಂದ ಬೇಕಾದಷ್ಟು ಮ್ಯಾನರ್ಸ್ ಕಲಿತಿದ್ದೆ. ಆದರೆ ಆ ಕ್ರಿಸ್‌ಮಸ್ ಹಾಲಿಡೇಸಿಗೆ ಮನೆಗೆ ಬಂದಾಗ ಅವೆಲ್ಲ ಬಸ್ಸಿನಲ್ಲೇ ಉಳಿದುಹೋದವು. ಯಾಕೆ ಅಂತೀರಾ? ಮನೆಯಲ್ಲಿ ಹೊಸಬರೊಬ್ಬರಿದ್ದರು. ಅಮ್ಮ ಹೋಗಿ ಮೂರು ವರ್ಷವಾಗಿತ್ತು. ನವೆಂಬರಿನಲ್ಲಿ ಅಪ್ಪ ಪಿರಿಯಾಪಟ್ಟಣದಿಂದ ಎರಡನೇ ಹೆಂಡತಿಯನ್ನು ತಂದಿದ್ದರು. ನನಗೆ ಚಿಕ್ಕಮ್ಮ. ಮೊದಲ ನಾಲ್ಕು ದಿನ ನಾನು ಅವರನ್ನು ಏನೆಂದೂ ಕರೆಯಲಿಲ್ಲ. ನೀರು ಬೇಕಾದರೂ ಹೂಜಿಯ ಮುಂದೆ ನಿಂತು ಕೆಮ್ಮುತ್ತಿದ್ದೆ!

ಚಿಕ್ಕಮ್ಮ ತವರಿನಿಂದ ಒಂದು ಹೊಸ ಗೋದಲಿ ಸೆಟ್, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆಗಳನ್ನು ತಂದಿದ್ದರು. ಎಲ್ಲ ಫಳಫಳ ಹೊಳೆಯುತ್ತಿದ್ದವು. ನಮ್ಮ ಹಳೇ ಮಣ್ಣಿನ ಸೆಟ್ ಅಮ್ಮನದು. ಅದರಲ್ಲಿ ಯೇಸುವಿನ ತಾಯಿ ಮರಿಯಮ್ಮನ ಸೆರಗಿನ ಬಣ್ಣ ಎಂದೋ ಹೋಗಿತ್ತು. ಅಮ್ಮ ಇದ್ದಾಗ ಪ್ರತಿವರ್ಷ ಬಟ್ಟೆಗೆ ಹಾಕುವ ನೀಲಿಯನ್ನು ಕಲಸಿ ಆ ಸೆರಗಿಗೆ ಬಳಿಯುತ್ತಿದ್ದರು.

“ಹೊಸದು ಬಂತಲ್ಲ ಅಕ್ಕ, ಹಳೇದನ್ನ ಅಟ್ಟಕ್ಕೆ ಹಾಕು” ಅಂದರು ಅಪ್ಪ.

ನಾನು ಗೋಡೆಯತ್ತ ನೋಡಿದೆ. ಅಮ್ಮನ ಫೋಟೋ ಕೂಡ ನಾಳೆ ಅಟ್ಟಕ್ಕೇನೋ!

“ಅಟ್ಟಕ್ಕೆ ನಿನ್ನ ಆಕ್ತೀನಿ ಕಣ್ಲಾ” ಅಂತ ಅತ್ತೆ ಎರಡೂ ಸೆಟ್ ಬಿಚ್ಚಿದರು. ತಟ್ಟೆಯಲ್ಲಿ ಬೆಳೆಸಿದ ರಾಗಿ ಪೈರಿನ ನಡುವೆ ಜನಸಂದಣಿ ಶುರುವಾಯಿತು. ಬಾಲಯೇಸುವನ್ನು ನೋಡಲು ಬರುವ ಮೂವರು ಅರಸರು ಈಗ ಆರು ಜನ!

“ಮೂರು ಜನ ಬತ್ತಾವ್ರೆ, ಮೂರು ಜನ ನೋಡ್ಕೊಂಡು ಒಂಟವ್ರೆ.”

“ಈ ಕುರುಬನಿಗೆ ತಲೆಯೇ ಇಲ್ಲವಲ್ಲ ಅತ್ತೆ?”

“ಭಕ್ತಿ ಕಣೇ. ತಲೆ ಬಗ್ಗಿಸ್ದ, ವಸಿ ಜಾಸ್ತಿಯಾಯ್ತು.”

“ಬಾಲಯೇಸು ಇಬ್ಬರಾ?”

“ದೊಡ್ಡವ್ನು ಯೋವಾನ, ನೆಂಟ್ರ ಮಗ. ಆರು ತಿಂಗಳಿಗೆ ದೊಡ್ಡವ್ನು, ಆಡೋಕ್ ಬಂದವ್ನೆ. ಅಳೇ ಜೋಜಪ್ಪ ಒಸ ಜೋಜಪ್ಪಂಗೆ ಮಾವ, ಅಳೇ ಮರಿಯಮ್ಮ ಮಗೀಗೆ ಅಜ್ಜಿ ಅನ್ನಮ್ಮ. ಮಗಳ ಬಾಣಂತನಕ್ಕೆ ಬಂದವ್ರೆ!”

ನನ್ನ ನಗು ಅಲ್ಲಿಗೇ ನಿಂತಿತು. ನಮ್ಮಮ್ಮನ ಮರಿಯಮ್ಮ ಅಜ್ಜಿಯಾ? ಹೊಸಬಳು ತಾಯಿಯಾ?

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಹೊಸ ಮರಿಯಮ್ಮ ನಾಪತ್ತೆ! ಚಿಕ್ಕಮ್ಮ ಮಂಚದ ಕೆಳಗೆ ಹುಡುಕಿದರು, ಅಪ್ಪ ಬೆಕ್ಕನ್ನು ಬೈದರು. ನಾನು ಜಪಮಣಿ ಹಿಡಿದು ಸಂತಳ ಹಾಗೆ ಕೂತಿದ್ದೆ. ಸಂಜೆ ಅತ್ತೆ ಮುದ್ದೆಗೆಂದು ರಾಗಿಹಿಟ್ಟಿನ ಡಬ್ಬಕ್ಕೆ ಕೈ ಹಾಕಿ, ಹಿಟ್ಟು ಮೆತ್ತಿದ ಮರಿಯಮ್ಮನವರನ್ನು ಹೊರಗೆಳೆದರು.

“ಅಯ್ಯೋ ತಾಯಿ! ಮುದ್ದೆ ಕಟ್ಟೋಕೆ ನೀವ್ಯಾಕೆ ಬರೋಕೋದ್ರಿ?”

ಎಲ್ಲರೂ ನನ್ನನ್ನೇ ನೋಡಿದರು. ಬಾಯಿಂದ ಬಂದೇಬಿಟ್ಟಿತು: “ನಮ್ಮಮ್ಮನ ಮರಿಯಮ್ಮ ಅಜ್ಜಿ ಅಲ್ಲ!”

ಅಪ್ಪ ಕೈ ಎತ್ತಿದರು. ಚಿಕ್ಕಮ್ಮ ನಡುವೆ ಬಂದರು.

“ಬುಡಿ. ಮಗ ಏಳಿದ್ದೇ ಸರಿ.” ಹಿಟ್ಟು ಒರೆಸಿದ ತಮ್ಮ ಮರಿಯಮ್ಮನನ್ನು ಪಕ್ಕಕ್ಕೆ ನಿಲ್ಲಿಸಿ, ಹಳೆಯ ಮರಿಯಮ್ಮನನ್ನು ಮಗುವಿನ ತಲೆಯ ಹತ್ತಿರಕ್ಕೆ ತಂದರು. “ಇವ್ರೇ ತಾಯಿ. ಇವಳು ತಂಗಿ. ಅಕ್ಕ ಸುಸ್ತಾಗವ್ರೆ, ವಸಿ ವೊತ್ತು ಮಗೀನ ಎತ್ಕೊಳ್ಳೋಕೆ ಬಂದವ್ಳೆ.” ಆಮೇಲೆ ಮೆಲ್ಲಗೆ ಕೇಳಿದರು: “ಅತ್ತಿಗೆ, ಬಟ್ಟೆ ನೀಲಿ ಎಲ್ಲೈತೆ?”

ಹೇಗೆ ಗೊತ್ತಾಯಿತೋ! ಅತ್ತೆಯೇ ಹೇಳಿದ್ದರೋ, ಮಡಿಕೆಗಳಲ್ಲಿ ಉಳಿದಿದ್ದ ಹಳೇ ನೀಲಿ ಕಂಡಿತೋ, ನಾನು ಯಾವತ್ತೂ ಕೇಳಲಿಲ್ಲ. ಚಿಕ್ಕಮ್ಮ ನೀಲಿ ಕಲಸಿ ಬೆರಳಲ್ಲೇ ಆ ಸೆರಗಿಗೆ ಬಳಿದರು. ಮೂರು ವರ್ಷದ ಮೇಲೆ ಅಮ್ಮನ ಮರಿಯಮ್ಮ ನೀಲಿಯಾದಳು.

ಅಷ್ಟರಲ್ಲಿ ಪಾಪನಿವೇದನೆಗೆ ಚರ್ಚಿನ ಗಂಟೆ. ಅವತ್ತು ಹೇಳಿಕೊಳ್ಳಲು ಪಾಪ ಹುಡುಕುವ ಕಷ್ಟ ನನಗಿರಲಿಲ್ಲ! ಅತ್ತೆ ಮುಂದೆ ಮುಂದೆ ಹೊರಟರು, ಅಪ್ಪ ಅವರ ಹಿಂದೆ. ನನ್ನ ಪಕ್ಕದಲ್ಲಿ ಚಿಕ್ಕಮ್ಮ, ಹಬ್ಬದ ಸೀರೆಗೆ ತಗುಲದಂತೆ ಒದ್ದೆ ಬೆರಳುಗಳನ್ನು ದೂರ ಹಿಡಿದುಕೊಂಡು ನಡೆಯುತ್ತಿದ್ದರು.

ನಾನು ಆ ಕೈ ಹಿಡಿದುಕೊಂಡೆ.

“ಲೇ, ಫ್ರಾಕು! ನೀಲಿಯಾಗ್ತದೆ!” ಅಂದರು.

“ಆಗಲಿ ಚಿಕ್ಕಮ್ಮ” ಅಂದೆ.

ಮುಂದೆ ಅತ್ತೆ ತಿರುಗಿ ನೋಡಲಿಲ್ಲ. ಕಿರ್ರ್ ಅಂತ ಒಂದು ಹೆಜ್ಜೆ, ಸದ್ದಿಲ್ಲದೆ ಒಂದು ಹೆಜ್ಜೆ, ದಾರಿ ತೋರಿಸಿಕೊಂಡು ಹೋಗುತ್ತಲೇ ಇದ್ದರು.